ನೆಲಮಾಳಿಗೆಗೆ ಇಳಿಯುವ ಮುನ್ನ

ಬೇಸಿಗೆ ರಜೆ ಬಂತೆಂದರೆ ನಮ್ಮ ವಡ್ಡು, ತೋರಣಗಲ್ಲು, ಸಂಡೂರು ಕಡೆ ತಂಪಾದ ಜಾಗ ಹುಡುಕುವುದೇ ಮಕ್ಕಳಿಗೆ ದೊಡ್ಡ ಕೆಲಸ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಫ್ಯಾನೂ ಬಿಸಿಗಾಳಿಯನ್ನೇ ಬೀಸುತ್ತದೆ. ಆಗ ಹಳೆಯ ಮನೆಯ ನೆಲಮಾಳಿಗೆಯ ನೆನಪಾಗುತ್ತದೆ. "ತಾತಾ, ಕೆಳಗಿನ ಕೋಣೆ ತಣ್ಣಗೈತಿ, ಅದನ್ನ ಓದೋ ರೂಮು ಮಾಡಿಕೊಳ್ಳೋಣೇನು?" ಎಂದು ಮೊಮ್ಮಕ್ಕಳು ಕೇಳುತ್ತಾರೆ. ಮಾಡಿಕೊಳ್ಳಬಹುದು, ಮಕ್ಕಳೇ. ಆದರೆ ಬಣ್ಣ, ಚಾಪೆ, ಪುಸ್ತಕದ ಕಪಾಟು ಇವೆಲ್ಲ ಕೊನೆಯ ಮಾತು. ಮೊದಲು ನೀರು, ಗಾಳಿ, ದಾರಿ ಈ ಮೂರನ್ನೂ ವಿಚಾರಿಸಬೇಕು.

ಅಲ್ಲಿ ತಂಪೇಕೆ? ಮಣ್ಣು ಬಿಸಿಯನ್ನು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಹತ್ತು ಹನ್ನೆರಡು ಅಡಿ ಆಳದಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕೂಬರ್ ಪೀಡಿ ಎಂಬ ಗಣಿ ಊರಿದೆ. ಓಪಲ್ ಎಂಬ ಹೊಳೆಯುವ ಕಲ್ಲನ್ನು ತೆಗೆಯುವವರು ಅಲ್ಲಿನ ಬಿಸಿಲು ತಾಳಲಾರದೆ ನೆಲದಡಿಯ ಬಂಡೆಯನ್ನು ಕೊರೆದು ಮನೆ ಮಾಡಿಕೊಂಡರು. ಅವರೂ ಒಂದು ಕೆಲಸವನ್ನು ಮರೆಯಲಿಲ್ಲ: ಗಾಳಿಯಾಡಲೆಂದು ಮೇಲಿನವರೆಗೆ ಕೊಳವೆ ಬಿಟ್ಟರು.

ಈಗ ನೀರಿನ ಮಾತು. ಹಂಪಿಯ ನೆಲದಡಿಯ ಶಿವ ದೇವಾಲಯವನ್ನು ನೀವು ನೋಡಿರಬಹುದು. ಪ್ರಸನ್ನ ವಿರೂಪಾಕ್ಷ ಎಂದು ಅದರ ಹೆಸರು. ಅದರ ಚಾವಣಿ ಹೆಚ್ಚುಕಡಿಮೆ ಸುತ್ತಲಿನ ನೆಲದ ಮಟ್ಟಕ್ಕಿದೆ. ಮೆಟ್ಟಿಲಿಳಿದೇ ಒಳಗೆ ಹೋಗಬೇಕು. ಮಳೆಗಾಲದಲ್ಲಿ ಗರ್ಭಗುಡಿಯ ಬಳಿ ನೀರು ನಿಂತಿರುತ್ತದೆ. ಅಷ್ಟು ಗಟ್ಟಿ ಕಲ್ಲಿನ ಕಟ್ಟಡಕ್ಕೇ ನೀರು ಬರುವುದಾದರೆ ನಮ್ಮ ಮನೆಯ ಗೋಡೆ ಯಾವ ಲೆಕ್ಕ?

ಕಂಪ್ಲಿ ಕಡೆಯ ಎರೆ ಭೂಮಿಯಲ್ಲಿ ಇನ್ನೊಂದು ತೊಂದರೆಯಿದೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹೀಗೆ ಉಬ್ಬಿ ಕುಗ್ಗಿ ನೆಲದಡಿಯ ಗೋಡೆಯನ್ನು ತಳ್ಳುತ್ತಲೇ ಇರುತ್ತದೆ. ಮಸಾರಿ ಭೂಮಿಯಲ್ಲಿ ಈ ಕಾಟ ಕಡಿಮೆ. ಆದ್ದರಿಂದ ನೆಲಮಾಳಿಗೆ ಒಂದು ಮಳೆಗಾಲ ಹೇಗಿರುತ್ತದೆಂದು ನೋಡಿ, ಆಮೇಲೆ ಕೈ ಹಾಕುವುದು ಜಾಣತನ. ಮಾಳಿಗೆಯ ಮೇಲಿನ ನೀರು ಎಲ್ಲಿ ಬೀಳುತ್ತದೆ? ಬಚ್ಚಲ ನೀರು ಯಾವ ಕಡೆ ಹರಿಯುತ್ತದೆ? ಅದನ್ನು ಹೊರಗೇ ಸರಿಪಡಿಸಬೇಕು. ಹೊರಗಿನ ನೀರನ್ನು ಹಾಗೆಯೇ ಬಿಟ್ಟು ಒಳಗೆ ಸಿಮೆಂಟು ಮೆತ್ತಿದರೆ ತೇವ ಇನ್ನೊಂದು ಕಡೆ ಮೇಲೇರುತ್ತದೆ, ಗಿಲಾವು ಉದುರುತ್ತದೆ. ಹಳೆಯ ಕಲ್ಲು ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ಒಳ್ಳೆಯದು. ಅದು ತೇವವನ್ನು ಹೊರಗೆ ಬಿಡುತ್ತದೆ.

ಇನ್ನು ಗಾಳಿ. ಅಜ್ಜ ಅಜ್ಜಿಯರಿಗೆ ಹಗೇವು ಗೊತ್ತಿರುತ್ತದೆ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದ ನೆಲದಡಿಯ ಕಣಜ ಅದು. ಅದನ್ನು ತೆರೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಕಾಳೂ ಉಸಿರಾಡುತ್ತದೆ, ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹಿರಿಯರ ಎಚ್ಚರಿಕೆ ಸರಿ, ಆದರೆ ದೀಪದ ಪರೀಕ್ಷೆ ಇಂದಿಗೆ ಸಾಲದು. ಜನರೇಟರಿನ ಹೊಗೆಯಲ್ಲಿ, ಇದ್ದಿಲ ಒಲೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪ ಉರಿಯುತ್ತಿರುವಾಗಲೇ ಅದು ಮನುಷ್ಯನನ್ನು ಕೆಡವುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗಿನ ಕೋಣೆಯಲ್ಲೇ ಮಡುಗಟ್ಟುತ್ತದೆ, ಒಂದು ಕಿಡಿ ಸಾಕು. ಆದುದರಿಂದ ನೆಲಮಾಳಿಗೆಯಲ್ಲಿ ಸಿಲಿಂಡರು, ಒಲೆ, ಜನರೇಟರು ಬೇಡವೇ ಬೇಡ. ಎದುರುಬದುರಾಗಿ ಎರಡು ಕಿಂಡಿಗಳಿರಲಿ. ಒಂದರಲ್ಲಿ ಗಾಳಿ ಒಳಗೆ ಬರಲಿ, ಇನ್ನೊಂದರಲ್ಲಿ ಫ್ಯಾನು ಅದನ್ನು ಹೊರಗೆ ತಳ್ಳಲಿ.

ಮೂರನೆಯದು ದಾರಿ. 2024ರ ಜುಲೈ 27ರಂದು ದೆಹಲಿಯ ಹಳೆ ರಾಜೇಂದ್ರ ನಗರದಲ್ಲಿ ಒಂದು ತರಬೇತಿ ಕೇಂದ್ರದ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿತು. ಓದಲು ಕುಳಿತಿದ್ದವರಲ್ಲಿ ಮೂವರು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಅವರೂ ಪುಸ್ತಕ ಹಿಡಿದೇ ಕೆಳಗಿಳಿದಿದ್ದರು, ಮಕ್ಕಳೇ. ಹೊರಬರಲು ಎರಡನೆಯ ದಾರಿಯಿಲ್ಲದ ನೆಲಮಾಳಿಗೆ ಉಗ್ರಾಣವಾಗಬಹುದೇ ಹೊರತು ಮಕ್ಕಳು ಕೂರುವ ಕೋಣೆಯಾಗಬಾರದು. ಬಾಗಿಲು ಒಳಗಿನಿಂದಲೂ ತೆರೆಯುವಂತಿರಲಿ. ಸ್ವಿಚ್ಚುಗಳು ನೆಲದಿಂದ ಎತ್ತರದಲ್ಲಿರಲಿ, ಮುಖ್ಯ ಸ್ವಿಚ್ಚು ಮೇಲಿನ ಮನೆಯಲ್ಲಿರಲಿ. ರಾತ್ರಿ ಮಲಗುವುದು ಮೇಲೆಯೇ. ಜೋರು ಮಳೆ ಬಂದ ದಿನ ಕೆಳಗೆ ಇಳಿಯುವಂತಿಲ್ಲ.

ಚಾವಣಿ ತಲೆಗೆ ತಗಲುತ್ತದೆಂದು ಕೆಲವರು ನೆಲವನ್ನು ಇನ್ನಷ್ಟು ಅಗೆಸುತ್ತಾರೆ. ತಳಪಾಯದ ಬುಡದ ಮಣ್ಣು ಸಡಿಲಾದರೆ ಮೇಲಿನ ಮನೆಯೇ ಕುಸಿಯಬಹುದು. ಇಂಜಿನಿಯರರಿಗೆ ತೋರಿಸದೆ, ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಕೇಳದೆ ಗುದ್ದಲಿ ಎತ್ತಬೇಡಿ.

ಖರ್ಚಿನ ಕ್ರಮವೂ ಇದೇ. ಮೊದಲ ರೂಪಾಯಿ ಹೊರಗಿನ ಚರಂಡಿಗೆ, ಎರಡನೆಯದು ಕಿಂಡಿಗೆ, ಮೂರನೆಯದು ಮೆಟ್ಟಿಲಿಗೆ. ಉಳಿದರೆ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಬಿಳಿ ಸುಣ್ಣ. ಈ ಮೂರಕ್ಕೆ ದುಡ್ಡು ಸಾಲದಿದ್ದರೆ ಆ ಕೋಣೆಯಲ್ಲಿ ಹಳೆಯ ಪಾತ್ರೆಗಳಿರಲಿ, ಮಕ್ಕಳು ಪಡಸಾಲೆಯಲ್ಲೇ ಓದಲಿ.

ಈ ವಾರ ತಾತ ಮೊಮ್ಮಕ್ಕಳು ಸೇರಿ ಮಾಡುವ ಕೆಲಸ ಇದು. ಮನೆಯಲ್ಲಿ ತೇವದ ಅನುಮಾನವಿರುವ ಒಂದು ಗೋಡೆ ಹುಡುಕಿ. ಅಂಗೈಯಗಲಕ್ಕಿಂತ ದೊಡ್ಡದಾದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಚ್ಚಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹನಿಗಳು ಹಾಳೆಯ ಒಳಬದಿಯಲ್ಲಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಬದಿಯಲ್ಲಿದ್ದರೆ ಕೋಣೆಯ ಗಾಳಿಯ ತೇವವೇ ಅಲ್ಲಿ ಕುಳಿತಿದೆ. ಮೊದಲನೆಯದಕ್ಕೆ ಮದ್ದು ಹೊರಗಿನ ಚರಂಡಿ, ಎರಡನೆಯದಕ್ಕೆ ಕಿಟಕಿ. ಕಂಡದ್ದನ್ನು ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ.