ವಾರ್ಡಿಗೊಬ್ಬ ಸಮಾಜ ಕಾರ್ಯಕರ್ತೆ ಬೇಡವೇ?

ಚೀಟಿ ಬರೆದುಕೊಡುವುದು ವೈದ್ಯರ ಕೆಲಸ. ಆ ಚೀಟಿಯಲ್ಲಿದ್ದಂತೆ ಮನೆಯಲ್ಲಿ ಎಲ್ಲವೂ ನಡೆಯುವ ಹಾಗೆ ನೋಡಿಕೊಳ್ಳುವವರು ಯಾರು? ಕೂಡು ಕುಟುಂಬದ ಕಾಲದಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಇಂದು ನಮ್ಮ ಮಣ್ಣಗುಡ್ಡದಂತಹ ಬಡಾವಣೆಯನ್ನೇ ನೋಡಿ. ಹಂಚಿನ ಮನೆಗಳಿದ್ದ ಹಿತ್ತಿಲುಗಳಲ್ಲಿ ಫ್ಲ್ಯಾಟುಗಳು ಎದ್ದಿವೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ, ಮನೆಯಲ್ಲಿ ಉಳಿದವರು ವಯಸ್ಸಾದ ಗಂಡ ಹೆಂಡತಿ ಇಬ್ಬರೇ.

ಎಪ್ಪತ್ತೆರಡರ ಹಿರಿಯರೊಬ್ಬರಿಗೆ ಪಕ್ಷವಾತ ಬಡಿಯಿತೆನ್ನಿ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ವೈದ್ಯರು ಹೇಳುವುದು ಸರಿಯಾಗಿಯೇ ಇರುತ್ತದೆ: ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ, ಕೈಕಾಲುಗಳಿಗೆ ವ್ಯಾಯಾಮ ಮಾಡಿಸಿ, ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಇಷ್ಟನ್ನೂ ಮಾಡಬೇಕಾದ ಪತ್ನಿಗೆ ಅರುವತ್ತೆಂಟು, ಜತೆಗೆ ಮಂಡಿನೋವು. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಎಲ್ಲಿ ಅರ್ಜಿ ಹಾಕಬೇಕು, ಪಿಂಚಣಿಗೆ ಯಾವ ಕಾಗದ ಬೇಕು, ಗಾಲಿಕುರ್ಚಿ ಯಾರು ಕೊಡುತ್ತಾರೆ ಎಂದು ಅವರಿಗೆ ಹೇಳುವವರಿಲ್ಲ. ಮೂರು ತಿಂಗಳಲ್ಲಿ ರೋಗಿ ಬೆನ್ನಹುಣ್ಣಿನಿಂದ ಮತ್ತೆ ಆಸ್ಪತ್ರೆ ಸೇರಿದರೆ ತಪ್ಪು ಔಷಧದ್ದೂ ಅಲ್ಲ, ಆ ತಾಯಿಯದೂ ಅಲ್ಲ.

ಕ್ಷಯರೋಗದ ಕಥೆಯೂ ಹೀಗೆಯೇ. ಸಾಮಾನ್ಯ ಕ್ಷಯಕ್ಕೆ ಔಷಧ ಆರು ತಿಂಗಳು, ಸರಕಾರಿ ಕೇಂದ್ರಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಲಾಗಿದೆ. ಆದರೂ ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು, ಕೂಲಿ ತಪ್ಪುತ್ತದೆಂದು, ನೆರೆಯವರಿಗೆ ತಿಳಿದೀತೆಂದು ಮಾತ್ರೆ ಬಿಡುವವರಿದ್ದಾರೆ. ಇವು ವೈದ್ಯರು ಎರಡು ನಿಮಿಷದಲ್ಲಿ ಬಿಡಿಸಬಹುದಾದ ಗಂಟುಗಳಲ್ಲ. ಮನೆಗೆ ಹೋಗಿ ಕುಳಿತು ಮಾತಾಡಿಸಬೇಕು. ಇದೇ ಸಮಾಜ ಕಾರ್ಯಕರ್ತೆಯ ಕೆಲಸ.

ಇಲ್ಲೊಂದು ಮಾತು. ಫ್ಲೆಕ್ಸುಗಳಲ್ಲಿ ಕೈಮುಗಿದು ನಿಂತ 'ಸಮಾಜ ಸೇವಕ'ರ ಬಗ್ಗೆ ನಾನು ಹೇಳುತ್ತಿಲ್ಲ. ಸಮಾಜ ಕಾರ್ಯವೆಂಬುದು ಕಲಿತು ಮಾಡುವ ವೃತ್ತಿ. ನಮ್ಮ ಮಂಗಳೂರಿನ ರೋಶನಿ ನಿಲಯ 1960ರಿಂದ ಇದನ್ನು ಕಲಿಸುತ್ತಿದೆ. ಓದಿದವರು ಊರಲ್ಲೇ ಇದ್ದಾರೆ, ವಾರ್ಡಿನಲ್ಲಿ ಹುದ್ದೆ ಮಾತ್ರ ಇಲ್ಲ.

ಇಂಗ್ಲೆಂಡಿನಲ್ಲಿ 1970ರ ಕಾನೂನಿನಂತೆ ಸ್ಥಳೀಯ ಸಂಸ್ಥೆಗಳೇ ಸಮಾಜ ಸೇವಾ ವಿಭಾಗಗಳನ್ನು ತೆರೆದವು. ರೋಗಿಯದು ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವವರ ಅಗತ್ಯವನ್ನೂ ವಿಚಾರಿಸಬೇಕೆಂದು ಅಲ್ಲಿನ 2014ರ ಕಾನೂನು ಹೇಳುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ತಲಪಾಡಿ ದಾಟಿದರೆ ಕೇರಳ. 2008ರ ಉಪಶಾಮಕ ಆರೈಕೆ ನೀತಿಯ ಬಳಿಕ ಅಲ್ಲಿನ ಪಂಚಾಯತು, ನಗರಸಭೆಗಳ ಹಣದಿಂದಲೇ ದಾದಿಯರು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು?

ಕಾನೂನೇನೂ ಅಡ್ಡಿಯಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ 12ನೇ ಅನುಸೂಚಿಯನ್ನು ಓದಿ. ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳಲ್ಲಿ ರಸ್ತೆ, ನೀರುಗಳ ಜತೆಗೆ ಸಾರ್ವಜನಿಕ ಆರೋಗ್ಯವಿದೆ, ಅಂಗವಿಕಲರೂ ಸೇರಿದಂತೆ ದುರ್ಬಲರ ಹಿತರಕ್ಷಣೆಯೂ ಇದೆ. ಚರಂಡಿಗೆ ಕೇಳುವಷ್ಟು ಗಟ್ಟಿಯಾಗಿ ನಾವು ಇದನ್ನು ಕೇಳುವುದಿಲ್ಲ, ಅಷ್ಟೆ.

ಆಶಾ ಕಾರ್ಯಕರ್ತೆಯರಿದ್ದಾರಲ್ಲ ಎನ್ನುವಿರಾ? ಇದ್ದಾರೆ. ಬಸುರಿ ಬಾಣಂತಿಯರು, ಲಸಿಕೆ, ಸಮೀಕ್ಷೆ ಎಂದು ಅವರ ಹೆಗಲ ಮೇಲಿನ ಹೊರೆ ಈಗಾಗಲೇ ಹೆಚ್ಚು. ಅಂಗವಿಕಲರಿಗಾಗಿ ಗ್ರಾಮ ಪಂಚಾಯತುಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆದರೆ ಅವರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ಇಂತಹ ವ್ಯವಸ್ಥೆಯನ್ನು ಬಲಪಡಿಸಿ, ಮುದುಕರು, ಮನೋರೋಗಿಗಳು, ದೀರ್ಘಕಾಲದ ರೋಗಿಗಳು ಎಲ್ಲರಿಗೂ ವಿಸ್ತರಿಸಬೇಕು.

ಹಣವೆಲ್ಲಿಂದ ಎಂಬುದು ನ್ಯಾಯವಾದ ಪ್ರಶ್ನೆ. ನಮ್ಮ ಪಾಲಿಕೆಯಲ್ಲಿ 60 ವಾರ್ಡುಗಳು. ಎಲ್ಲ ಕಡೆ ಒಮ್ಮೆಗೇ ಆಗದಿದ್ದರೆ ಐದು ವಾರ್ಡುಗಳಿಗೆ ಒಬ್ಬರಂತೆ ಹನ್ನೆರಡು ಮಂದಿಯಿಂದ ಆರಂಭಿಸಲಿ. ಎರಡು ವರ್ಷ ನೋಡಿ ಮುಂದುವರಿಸಲಿ. ಹನ್ನೆರಡು ಸಂಬಳ ಪಾಲಿಕೆಯೊಂದಕ್ಕೆ ಹೊರಲಾರದ ಭಾರವೇನಲ್ಲ. ಆದರೆ ಇವರು ಚುನಾವಣೆ ಬಂದಾಗ ಯಾರ ಜನವೂ ಆಗಬಾರದು, ರೋಗಿಯ ಗುಟ್ಟನ್ನು ಬೀದಿಗೆ ತರಬಾರದು. ಈ ಎರಡು ಷರತ್ತುಗಳು ನೇಮಕಾತಿ ಪತ್ರದಲ್ಲೇ ಇರಬೇಕು.

ಅಲ್ಲಿಯವರೆಗೆ ಕೆಲವು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ: ಹಿರಿಯರ ಸಹಾಯವಾಣಿ 14567, ಮಾನಸಿಕ ತೊಂದರೆಗೆ ಟೆಲಿ ಮನಸ್ 14416, ಮಕ್ಕಳಿಗೆ 1098. ಇವು ಉಪಯುಕ್ತವೇ. ಆದರೆ ದೂರವಾಣಿ ಮಹಡಿ ಹತ್ತಿ ಬಂದು ರೋಗಿಯ ಮಗ್ಗುಲು ಬದಲಾಯಿಸುವುದನ್ನು ಕಲಿಸಲಾರದು. ಆದ್ದರಿಂದ ಮುಂದಿನ ವಾರ್ಡ್ ಸಭೆಗೆ ಹೋದಾಗ ದಾರಿದೀಪದ ಜತೆಗೆ ಇದನ್ನೂ ಕೇಳಿ. ಇಂದು ಪಕ್ಕದ ಮನೆಯವರಿಗೆ ಬೇಕಾದದ್ದು ನಾಳೆ ನಿಮಗೂ ಬೇಕಾದೀತು.