ರೀಲು ಹಾಳಾಗುತ್ತದೆಯಂತೆ!

"ಏ, ಅದನ್ನ ಮುಟ್ಟಬ್ಯಾಡವಾ, ರೀಲ್ ಹಾಳಾಗತೈತಿ!" ಎಂಬ ಮಾತನ್ನು ಕೇಳದೆ ಬೆಳೆದ ನನ್ನ ಓರಗೆಯ ಹೆಣ್ಣುಮಕ್ಕಳು ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಯಾರಾದರೂ ಇದ್ದರೆ ಅವರಿಗೆ ನನ್ನದೊಂದು ನಮಸ್ಕಾರ. ನಾನಂತೂ ಅದನ್ನು ಯಡೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೇಳಿದ್ದೇನೆ, ಮದುವೆಮನೆಗಳಲ್ಲಿ ಕೇಳಿದ್ದೇನೆ, ವೀರಭದ್ರ ದೇವರ ಜಾತ್ರೆಯ ಗದ್ದಲದಲ್ಲೂ ಕೇಳಿದ್ದೇನೆ. ಹೇಳಿದವರು ಕೆಟ್ಟವರಲ್ಲ. ಅಣ್ಣ, ಮಾವ, ಚಿಕ್ಕಪ್ಪ, ಕೆಲವು ಸಲ ಅತ್ತೆಯವರೂ ಹೌದು. ಕೆಟ್ಟವರು ಹೇಳಿದ್ದರೆ ಅಲ್ಲೇ ಜಗಳವಾಡಿ ಮುಗಿಸಬಹುದಿತ್ತು. ಪ್ರೀತಿಯವರು ಹೇಳಿದರೆಂದೇ ಆ ಮಾತು ಅಷ್ಟು ಕಾಲ ಬಾಳಿತು. ಅದು ಸುಳ್ಳು ಮಾತು. ಅದರಿಂದ ನಮಗಾದ ನಷ್ಟ ಸಣ್ಣದಲ್ಲ. ಈ ಎರಡನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಆ ಯಂತ್ರದ ಹುಟ್ಟನ್ನೇ ನೋಡೋಣ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದ. ಅದರಲ್ಲಿ 100 ಚಿತ್ರಗಳಿಗಾಗುವಷ್ಟು ರೀಲು ಮೊದಲೇ ತುಂಬಿರುತ್ತಿತ್ತು. ಕೊಂಡವರು ಗುಂಡಿ ಒತ್ತಿದರಾಯಿತು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಂಪನಿಗೆ ಕಳಿಸಿದರೆ ಅವರು ಚಿತ್ರಗಳನ್ನು ಮಾಡಿ, ಹೊಸ ರೀಲು ತುಂಬಿ ಹಿಂದಕ್ಕೆ ಕಳಿಸುತ್ತಿದ್ದರು. ಆ ಕಂಪನಿಯ ಜಾಹೀರಾತುಗಳಲ್ಲಿ ಕೈಯಲ್ಲಿ ಕ್ಯಾಮೆರಾ ಹಿಡಿದು ನಿಂತವಳು ಹೆಣ್ಣುಮಗಳು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಒಂದು ಡಾಲರು, ಅದನ್ನು ಮಾರಿದ್ದು ಮುಖ್ಯವಾಗಿ ಮಕ್ಕಳಿಗೆ. ಹೆಂಗಸರು ಮಕ್ಕಳು ಕೂಡ ತೆಗೆಯಬಹುದಾದಷ್ಟು ಸುಲಭ ಎಂಬುದೇ ಆ ವ್ಯಾಪಾರದ ಮರ್ಮ. ಆ ಹೊಗಳಿಕೆಯೊಳಗೂ ಒಂದು ಕೊಂಕು ಇದೆ, ನಿಜ. ಆದರೂ ನೋಡಿ, ಯಾರಿಗೆ ಬರುವುದಿಲ್ಲವೋ ಅವರಿಗಾಗಿಯೇ ಮಾಡಿದ ಯಂತ್ರ ಸಮುದ್ರ ದಾಟಿ ಕೃಷ್ಣೆಯ ದಂಡೆಗೆ ಬರುವಷ್ಟರಲ್ಲಿ ಗಂಡಸರಿಗೆ ಮಾತ್ರ ದಕ್ಕುವ ಬ್ರಹ್ಮವಿದ್ಯೆಯಾಗಿಬಿಟ್ಟಿತ್ತು!

ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮನೆಗಳಿಗೆ ಬಂದ ಕೈಗಾತ್ರದ ಕ್ಯಾಮೆರಾಗಳು, ಹಾಟ್‌ಶಾಟ್, ಯಾಶಿಕಾ, ಕೊಡಕ್ ಯಾವುದೇ ಇರಲಿ, ಹೆಚ್ಚಿನವು ಕೋತಿವಿದ್ಯೆಯವೇ. ನಾನು ಕಲಿತದ್ದು 35 ಮಿಲಿಮೀಟರಿನ ರೀಲು ಹಿಡಿಯುವ ಒಂದು ಪುಟ್ಟ ಕ್ಯಾಮೆರಾದಲ್ಲಿ. ಅದರ ಹಿಂಬದಿಯ ಮುಚ್ಚಳ ತೆರೆದು, ಎಡಗಡೆಯ ಗೂಡಿನಲ್ಲಿ ರೀಲಿನ ಡಬ್ಬಿ ಕೂರಿಸಬೇಕು. ಅದರ ನಾಲಿಗೆಯನ್ನು ಎಳೆದು ಬಲಗಡೆಯ ಉರುಳೆಯ ಸೀಳಿನಲ್ಲಿ ಸಿಕ್ಕಿಸಬೇಕು. ಅಂಚಿನ ತೂತುಗಳು ಹಲ್ಲಿಗೆ ಸರಿಯಾಗಿ ಕೂತವೇ ಎಂದು ನೋಡಿ, ಮುಚ್ಚಳ ಹಾಕಿ, ಅಂಕಿ 1 ಬರುವ ತನಕ ಗುಂಡಿ ಒತ್ತುತ್ತ, ಚಕ್ರ ತಿರುಗಿಸುತ್ತ ಹೋಗಬೇಕು. ಹೊಲಿಗೆ ಯಂತ್ರದಲ್ಲಿ ಬಾಬಿನ್ ಹಾಕಿ, ಸೂಜಿಗೆ ದಾರ ಪೋಣಿಸಿ, ಕೆಳದಾರವನ್ನು ಮೇಲಕ್ಕೆಳೆದು ಕುಪ್ಪಸ ಹೊಲಿಯುವವಳಿಗೆ ಇದು ಯಾವ ಲೆಕ್ಕ? ಇದರಲ್ಲಿ ಗುಟ್ಟೇನಾದರೂ ಇದ್ದರೆ ಅದು ಒಂದೇ. ಚಕ್ರ ತಿರುಗಿಸಿದಾಗ ಎಡಗಡೆಯ ಸುತ್ತುವ ಹಿಡಿಕೆ ತಾನೂ ತಿರುಗುತ್ತಿದ್ದರೆ ರೀಲು ಒಳಗೆ ಓಡುತ್ತಿದೆ ಎಂದರ್ಥ. ಅದು ಸುಮ್ಮನೆ ನಿಂತಿದ್ದರೆ ನಾಲಿಗೆ ಜಾರಿದೆ. ಎಷ್ಟೋ ಮದುವೆಗಳ 36 ಚಿತ್ರಗಳು ಒಂದೂ ಇಲ್ಲದಂತೆ ಹೋದದ್ದು ಈ ಹಿಡಿಕೆಯನ್ನು ಯಾರೂ ನೋಡದೆ ಇದ್ದುದರಿಂದ.

ಇನ್ನುಳಿದದ್ದು ಫಿಲ್ಮಿನ ವೇಗ. 100, 200, 400 ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು. ಕೆಲವು ಕ್ಯಾಮೆರಾಗಳಲ್ಲಿ ಅದನ್ನು ನಾವೇ ಹೊಂದಿಸಬೇಕು, ಕೆಲವು ಡಬ್ಬಿಯ ಮೇಲಿನ ಬೆಳ್ಳಿ ಬಣ್ಣದ ಚೌಕಗಳನ್ನು ತಾವೇ ಓದಿಕೊಳ್ಳುತ್ತವೆ. ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಮಸೂರ ಬೇರೆ. ಆದ್ದರಿಂದ ತೀರ ಹತ್ತಿರ ಹೋದರೆ ತಲೆ ಕತ್ತರಿಸಿಹೋಗುತ್ತದೆ, ಮಸುಕೂ ಆಗುತ್ತದೆ. ನಾಲ್ಕೈದು ಅಡಿ ದೂರ ನಿಲ್ಲಬೇಕು. ಬೆರಳು ಮಸೂರಕ್ಕೆ ಅಡ್ಡ ಬಂದರೂ ಕಿಂಡಿಯಲ್ಲಿ ಕಾಣುವುದಿಲ್ಲ, ಹಿಡಿಯುವಾಗಲೇ ನೆನಪಿಡಬೇಕು. ರೀಲು ಮುಗಿದ ಮೇಲೆ ತಳದ ಪುಟ್ಟ ಗುಂಡಿ ಒತ್ತಿ, ಹಿಡಿಕೆಯನ್ನು ಬಾಣದ ದಿಕ್ಕಿಗೆ ಸುತ್ತಿ, ಕೈಗೆ ಬಿಗಿ ತಪ್ಪಿದ್ದು ಗೊತ್ತಾದ ಮೇಲೆಯೇ ಮುಚ್ಚಳ ತೆರೆಯಬೇಕು. ಇಷ್ಟೇ ನೋಡಿ ಆ ಮಹಾವಿದ್ಯೆ! ಜೊತೆಗೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ, ಸ್ಟುಡಿಯೋದಿಂದ ಬಳಕೆಗೆ ಬಾರದ ರೀಲೊಂದನ್ನು ಕೇಳಿ ತಂದು, ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ಹತ್ತು ಸಲ ತುಂಬಿ ತೆಗೆದೆ. ಎರಡು ಮಧ್ಯಾಹ್ನಗಳ ಕೆಲಸ. ಚಕ್ಕುಲಿಯ ಹದ ಕಲಿಯಲು ನನಗೆ ಇದಕ್ಕಿಂತ ಹೆಚ್ಚು ದಿನ ಹಿಡಿದಿತ್ತು.

ಹಾಗಾದರೆ ರೀಲು ಹಾಳು ಮಾಡಿದವರು ಯಾರು? ಈ ಲೆಕ್ಕವನ್ನು ಯಾವ ಮನೆಯಲ್ಲೂ ಯಾರೂ ಇಟ್ಟಂತಿಲ್ಲ. ಜಾತ್ರೆಯ ರಾತ್ರಿ ನೆನೆಸಿಕೊಳ್ಳಿ. ಪುರವಂತರು ಒಡಪು ಹೇಳುತ್ತ ಕತ್ತಿ ಹಿಡಿದು ಕುಣಿಯುತ್ತಿದ್ದಾರೆ. ನಮ್ಮ ಮನೆಯ ಯಜಮಾನರುಗಳು ಐವತ್ತು ಅಡಿ ಆಚೆ ನಿಂತು ಪಟಪಟನೆ ಫ್ಲ್ಯಾಶ್ ಹೊಡೆಯುತ್ತಿದ್ದಾರೆ. ಈ ಪುಟ್ಟ ಕ್ಯಾಮೆರಾಗಳ ಫ್ಲ್ಯಾಶಿನ ಬೆಳಕು 100ರ ಫಿಲ್ಮಿಗೆ ಹತ್ತು ಹನ್ನೆರಡು ಅಡಿಗೆ ಮುಗಿಯುತ್ತದೆ. ಅದರಾಚೆಗೆ ಅದು ಮಿಣುಕುಹುಳ. ಫೋಟೋ ತೊಳೆದು ಬಂದಾಗ ಮುಂದೆ ನಿಂತವರ ತಲೆಯ ಹಿಂಭಾಗ ಬೆಳ್ಳಗೆ, ಪುರವಂತರ ಜಾಗದಲ್ಲಿ ಕಗ್ಗತ್ತಲೆ. ಒಂದೇ ರಾತ್ರಿಗೆ ಹತ್ತೋ ಹದಿನೈದೋ ಚಿತ್ರ ಹೀಗೆ ಹೋದರೆ ಅದಕ್ಕೆ "ಬೆಳಕ ಸಾಲಲಿಲ್ಲ" ಎಂದು ಹೆಸರು. ಹೆಣ್ಣುಮಗಳ ಕೈಯಲ್ಲಿ ಒಂದೇ ಒಂದು ಅಲುಗಿದರೆ ಅದಕ್ಕೆ "ರೀಲ್ ಹಾಳ ಮಾಡಿದ್ಲು" ಎಂದು ಹೆಸರು. ತಪ್ಪು ಒಂದೇ, ಹೆಸರು ಮಾತ್ರ ಎರಡು. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆ ಇಂಥ ಲೆಕ್ಕಪತ್ರದಿಂದಲೇ ಹುಟ್ಟಿರಬೇಕು.

ರೀಲು ತುಟ್ಟಿಯಾಗಿತ್ತು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಬ್ಬಿನ ಬಿಲ್ಲು ಬರುವ ತನಕ ಕಿರಾಣಿ ಅಂಗಡಿಯಲ್ಲಿ ಉದ್ರಿ ತರುವ ಮನೆಗಳಲ್ಲಿ ರೀಲು ಕೊಳ್ಳುವುದು, ತೊಳೆಸುವುದು, ಮುದ್ರಿಸುವುದು ಎಲ್ಲವೂ ಭಾರವೇ. ಆದರೆ ತುಟ್ಟಿ ಪದಾರ್ಥವನ್ನು ಜೋಪಾನವಾಗಿ ಬಳಸುವುದು ಯಾರಿಗೆ ಗೊತ್ತು? ಒಂದು ಸೇರು ಎಣ್ಣೆಯಲ್ಲಿ ತಿಂಗಳು ದೂಡುವವಳಿಗೋ, ಪಾನಪಟ್ಟಿ ಅಂಗಡಿಯ ಮುಂದೆ ಲೆಕ್ಕವಿಲ್ಲದೆ ಖರ್ಚು ಮಾಡುವವರಿಗೋ? ಇರುವುದು 36 ಚಿತ್ರ, ಅಷ್ಟರಲ್ಲೇ ವರ್ಷದ ಹಬ್ಬ ಹುಣ್ಣಿಮೆ ಮುಗಿಯಬೇಕು ಎಂದಾಗ ಆ ರೀಲನ್ನು ಮೊದಲು ನಮ್ಮ ಕೈಗೇ ಕೊಡಬೇಕಿತ್ತು.

ಸ್ಟುಡಿಯೋದ ಲಕೋಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ತೆಗೆದ ರೀಲನ್ನು ನಾನೇ ಪೇಟೆಗೆ ಒಯ್ದು ಕೊಟ್ಟೆ. ಅಂಗಡಿಯವರು ಹೆಸರು ಕೇಳಲಿಲ್ಲ, "ಯಜಮಾನರ ಹೆಸರೇನ್ರಿ?" ಎಂದು ಕೇಳಿ ಅದನ್ನೇ ಬರೆದುಕೊಂಡರು. ಸಣ್ಣ ಸಂಗತಿ ಎನ್ನುತ್ತೀರಾ? ಹಾಗಾದರೆ ಹೋಮಾಯಿ ವ್ಯಾರಾವಾಲಾ ಅವರ ಕಥೆ ಕೇಳಿ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಈಕೆ ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಆರಂಭದ ವರ್ಷಗಳಲ್ಲಿ ಅವರು ತೆಗೆದ ಚಿತ್ರಗಳು ಅಚ್ಚಾಗುತ್ತಿದ್ದುದು ಪತಿ ಮಾಣೆಕ್‌ಷಾ ಅವರ ಹೆಸರಿನಲ್ಲಿ. ಮುಂದೆ ದಿಲ್ಲಿಯಲ್ಲಿ ಸ್ವಾತಂತ್ರ್ಯದ ದಿನಗಳನ್ನೂ ಗಾಂಧೀಜಿಯವರ ಅಂತ್ಯಸಂಸ್ಕಾರವನ್ನೂ ನೆಹರೂ ಅವರ ನಗುವನ್ನೂ ದೇಶಕ್ಕೆ ತೋರಿಸಿದ ಕೈ ಅದು. ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಗಂಡಸರ ಗುಂಪಿನಲ್ಲಿ ನುಗ್ಗಿ ದುಡಿದ ಈಕೆಗೆ ಪದ್ಮವಿಭೂಷಣ ಬಂದದ್ದು 2011ರಲ್ಲಿ. 2012ರಲ್ಲಿ ತೀರಿಕೊಂಡರು. ಇಂಥವರ ಕೆಲಸಕ್ಕೇ ಒಂದು ಕಾಲದಲ್ಲಿ ಗಂಡನ ಹೆಸರು ಅಂಟಿತ್ತು ಎಂದ ಮೇಲೆ ನಮ್ಮಂಥವರ ಲಕೋಟೆಯ ಪಾಡೇನು? ನಮಗೆ ಹತ್ತಿರದ ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ತಮ್ಮ ಸಿನಿಮಾ ಕ್ಯಾಮೆರಾವನ್ನು ಸ್ವದೇಶದಲ್ಲೇ ಕಟ್ಟಿ, 1920ರಲ್ಲಿ 'ಸೈರಂಧ್ರಿ' ತೆಗೆದು, ಅದರಲ್ಲಿ ಹೆಂಗಸರಿಂದಲೇ ಹೆಣ್ಣಿನ ಪಾತ್ರ ಮಾಡಿಸಿದರು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ನಮ್ಮ ಮನೆಗಳಾದರೋ ಅಷ್ಟಕ್ಕೇ ನಿಂತುಬಿಟ್ಟವು. ಕ್ಯಾಮೆರಾದ ಮುಂದೆ ನಿಲ್ಲು, ಸೆರಗು ಸರಿಮಾಡಿಕೋ, ನಗು. ಹಿಂದೆ ಮಾತ್ರ ಬರಬೇಡ.

ಹಿಂದೆ ಬರಲಿಲ್ಲ ಎಂಬುದರಿಂದ ಏನು ಕಳೆದುಹೋಯಿತು? ನಿಮ್ಮ ಹಳೆಯ ಆಲ್ಬಮ್ ತೆಗೆದು ನೋಡಿ. ಕುರ್ಚಿಯ ಮೇಲೆ ಅಜ್ಜ, ಹೊಸ ಟ್ರ್ಯಾಕ್ಟರು, ಎತ್ತಿನ ಜೋಡಿ, ಮದುವೆಯ ಹಂದರ, ಮುಖಂಡರಿಗೆ ಹಾರ ಹಾಕುತ್ತಿರುವ ಮಾವ. ಅವ್ವ ಇದ್ದಾಳೆ, ಆದರೆ ಟ್ರಂಕಿನಿಂದ ತೆಗೆದ ರೇಷ್ಮೆ ಸೀರೆಯಲ್ಲಿ, ಯಾರದೋ ಆಜ್ಞೆಗೆ ನೆಟ್ಟಗೆ ನಿಂತವಳಾಗಿ. ಅವಳ ಒಲೆ ಎಲ್ಲಿ? ಹಿತ್ತಿಲು ಎಲ್ಲಿ? ಹೊಳೆಗೆ ಬಟ್ಟೆ ಒಯ್ಯುವಾಗ ಜೊತೆಗಿದ್ದ ಗೆಳತಿಯರೆಲ್ಲಿ? ವರ್ಷದ 365 ದಿನ ಅವಳು ಬದುಕಿದ ಜಾಗದ ಒಂದು ಚಿತ್ರವೂ ಇಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ತೆಗೆಯುವ ಕಣ್ಣಿಗೆ ಅದು ಕಾಣಲೇ ಇಲ್ಲ, ಅಷ್ಟೇ. ಅಂಥ ಒಂದು ಚಿತ್ರ ನಾನು ತೆಗೆದೆ, ಒಲೆಯ ಮುಂದೆ ರೊಟ್ಟಿ ಬಡಿಯುವ ಅವ್ವ. "ರೊಟ್ಟಿ ಬಡಿಯೋದರ ಫೋಟೋ ಯಾರರ ತೆಗೀತಾರೇನ?" ಎಂದು ಮನೆಯವರೆಲ್ಲ ನಕ್ಕರು.

ನಗು ಎಷ್ಟು ದಿನ? 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆ ಉಕ್ಕಿ ನಮ್ಮ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿದ್ದನ್ನು ನೀವೆಲ್ಲ ಬಲ್ಲಿರಿ. ಮಳೆಗಾಲದಲ್ಲಿ ಕಲ್ಲೋಳ-ಯಡೂರು ಬ್ಯಾರೇಜು ಮುಳುಗುವುದು ನಮಗೆ ವಾಡಿಕೆಯ ಸುದ್ದಿ, ಮನೆ ಮುಳುಗುವುದು ಹಾಗಲ್ಲ. 2019ರ ನೀರಿಗೆ ನಮ್ಮ ತವರಿನ ಅಡುಗೆಮನೆಯ ಮಣ್ಣಿನ ಗೋಡೆ ಕುಸಿದು ಹೋಯಿತು. ಆಲ್ಬಮ್ಮಿನ ಚಿತ್ರಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾದವು. ನನ್ನ ಪೆಟ್ಟಿಗೆಯಲ್ಲಿದ್ದ ನೆಗೆಟಿವ್ ಪಟ್ಟಿಗಳು ಉಳಿದವು. ಇವತ್ತು ಆ ಮನೆಯಲ್ಲಿ ಹುಟ್ಟಿದ ಗಂಡುಮಕ್ಕಳೆಲ್ಲ ಪ್ರತಿ ಮಾಡಿಸಿಕೊಂಡು ಗೋಡೆಗೆ ಹಾಕಿಕೊಂಡಿರುವುದು ಟ್ರ್ಯಾಕ್ಟರಿನ ಚಿತ್ರವನ್ನಲ್ಲ, ಆ ರೊಟ್ಟಿಯ ಚಿತ್ರವನ್ನು. ಅಂದು ನಕ್ಕವರೇ ಇಂದು "ಹಿಂಥಾವು ಇನ್ನೂ ಇರಬೇಕಿತ್ತು" ಎನ್ನುತ್ತಾರೆ. ಇರುತ್ತಿದ್ದವು. ನೀವು ಕ್ಯಾಮೆರಾ ಕೊಟ್ಟಿದ್ದರೆ ಇರುತ್ತಿದ್ದವು. ನೆರೆ ಒಯ್ದದ್ದಕ್ಕಿಂತ ಹೆಚ್ಚನ್ನು ಈ "ಮುಟ್ಟಬ್ಯಾಡ" ಒಯ್ದಿದೆ.

ಈಗ ಮೊಬೈಲು ಬಂದಿದೆ, ಎಲ್ಲ ಹೆಂಗಸರ ಕೈಯಲ್ಲೂ ಕ್ಯಾಮೆರಾ ಇದೆ, ಹಳೆಯ ಪುರಾಣ ಯಾಕೆ ಎಂದು ಕೇಳುವವರಿದ್ದಾರೆ. ಕೈಯಲ್ಲಿದ್ದರೆ ಸಾಕೇ? ಆ ಮೊಬೈಲಿನ ಪಾಸ್‌ವರ್ಡು ಯಾರ ಬಳಿ ಇದೆ? ಜಾಗ ತುಂಬಿತು ಎಂದಾಗ ಯಾವ ಚಿತ್ರ ಅಳಿಸಬೇಕೆಂದು ನಿರ್ಧರಿಸುವವರು ಯಾರು? ಮಗ ಹೊಸ ಫೋನು ತಂದುಕೊಟ್ಟಾಗ ಹಳೆಯದರೊಳಗಿನ ನಾಲ್ಕು ವರ್ಷದ ಚಿತ್ರಗಳು ಎಲ್ಲಿ ಹೋದವು? "ನಿನಗ ಅದು ತಿಳಿಯಂಗಿಲ್ಲ, ಬಿಡು" ಎಂಬ ಮಾತು "ರೀಲ್ ಹಾಳಾಗತೈತಿ" ಎಂಬುದರ ಮೊಮ್ಮಗಳು. ಗುಂಡಿ ಒತ್ತುವುದು ಕಲಿಕೆಯಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕು ಎಂದು ತಾನೇ ತೀರ್ಮಾನಿಸಲು ಬರಬೇಕು.

ಇನ್ನೊಂದು ಮಾತು. ಕೊಡಕ್ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ರೀಲಿನ ಕಥೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ಮುಗಿಯಲಿಲ್ಲ. 2024ರಲ್ಲಿ ಪೆಂಟ್ಯಾಕ್ಸ್ ಹೊಸದೊಂದು ಪುಟ್ಟ ಫಿಲ್ಮ್ ಕ್ಯಾಮೆರಾ ತಂದಿತು. ನಗರದ ಹುಡುಗರು ಹಳೆಯ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಒಂದು ರೀಲಿಗೆ ಈಗ ಹಲವು ನೂರು ರೂಪಾಯಿ. ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥದೊಂದು ಬಿದ್ದಿರಬಹುದು. ಗುಜರಿಯವನಿಗೂ ಕೊಡಬೇಡಿ, ಕೇಳಿಕೊಂಡು ಬಂದ ಭಾವನ ಮಗನಿಗೂ ಕೊಡಬೇಡಿ. ಒಳಗೆ ಸೆಲ್ಲು ಸೋರಿ ಹಸಿರುಗಟ್ಟಿದ್ದರೆ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿ. ರೀಲು ಕೊಳ್ಳುವ ಶಕ್ತಿ ಇಲ್ಲದಿದ್ದರೆ ಬರಿದೇ ತೆರೆದು, ಚಕ್ರ ತಿರುಗಿಸಿ, ಒಳಗಿನ ಪರದೆ ಹೇಗೆ ಕಣ್ಣು ಮಿಟುಕಿಸುತ್ತದೆ ಎಂದು ಮಗಳಿಗೆ ತೋರಿಸಿ. ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ಒಮ್ಮೆ ಕಂಡ ಹುಡುಗಿಯನ್ನು "ಮುಟ್ಟಬ್ಯಾಡ" ಎಂದು ಹೆದರಿಸುವುದು ಕಷ್ಟ.

ನೆಗೆಟಿವ್‌ಗಳಿದ್ದರೆ ಆಲ್ಬಮ್ಮಿನ ಜೊತೆ ಇಡದೆ ಬೇರೆ ಡಬ್ಬಿಯಲ್ಲಿ, ಎತ್ತರದಲ್ಲಿ ಇಡಿ. ನೀರು ತಾಕಿದರೆ ಒಣಗಿ ಅಂಟುವ ಮೊದಲೇ ತಣ್ಣನೆಯ ಶುದ್ಧ ನೀರಿನಲ್ಲಿ ಜಾಲಾಡಿಸಿ, ಅಂಚು ಹಿಡಿದು, ದಾರಕ್ಕೆ ನೇತುಹಾಕಿ. ಮೊಬೈಲಿನಲ್ಲಿ ತೆಗೆದದ್ದಾದರೆ ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಮುದ್ರಿಸಿ. ಹಬ್ಬದ ದಿನದ್ದು ಬೇಡ, ಮಂಗಳವಾರದ್ದು ಇರಲಿ, ಪಾತ್ರೆ ತೊಳೆಯುವ ಹೊತ್ತಿನದು ಇರಲಿ. ಹಿಂಬದಿಯಲ್ಲಿ ಊರು, ದಿನ, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ಅದರ ಕೆಳಗೆ, ಯಜಮಾನರದ್ದಲ್ಲ, ತೆಗೆದವಳ ಹೆಸರು ಬರೆಯಿರಿ.