ಲೋಟ ಒಂದಾಯಿತು, ಲೆಕ್ಕ ಎರಡಾಯಿತು

ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ಹೆದ್ದಾರಿಯ ಮೇಲೆ, ಮೊಳಕಾಲ್ಮೂರು ತಾಲೂಕಿನ ನಮ್ಮ ಬಿ.ಜಿ. ಕೆರೆಯಲ್ಲಿ ಕಾಫಿ-ಟೀಗೆ ಬರವಿಲ್ಲ. ಮಳೆಗೆ ಬರ ಉಂಟು, ಶೇಂಗಾಕ್ಕೆ ಬರ ಉಂಟು, ಕೂಲಿಗೆ ಬರ ಉಂಟು. ಕಾಫಿಗೆ ಮಾತ್ರ ಇಲ್ಲ. ಹನ್ನೊಂದಕ್ಕೊಂದು ಸಲ, ನಾಲ್ಕಕ್ಕೊಂದು ಸಲ ಹೋಟೆಲಿನ ಹುಡುಗ ಫ್ಲಾಸ್ಕು ಹಿಡಿದು ಓಡುತ್ತಾನೆ. ಸಾಹೇಬರು ಕುಡೀತಾರೆ, ಗುಮಾಸ್ತರು ಕುಡೀತಾರೆ, ಬಿಲ್ಲಿಗೆ ಬಂದ ಕಂಟ್ರಾಕ್ಟರು ಕುಡೀತಾನೆ. ಜಾತಿ ಸರ್ಟಿಫಿಕೇಟಿಗೆ ಬಂದು ಬಾಗಿಲಾಚೆ ನಿಂತವನು ನೋಡುತ್ತಾನೆ.

ಇದೇನು ಹೊಸದಲ್ಲ. ಆದರೆ ಹಳ್ಳಿ ಬಿಟ್ಟು ತಾಲೂಕಿಗೆ, ತಾಲೂಕು ಬಿಟ್ಟು ಜಿಲ್ಲೆಗೆ, ಜಿಲ್ಲೆ ಬಿಟ್ಟು ಬೆಂಗಳೂರಿಗೆ ಹೋದಂತೆಲ್ಲ ಆ ಫ್ಲಾಸ್ಕಿನ ಹಿಂದೆ ಒಂದು ಫೈಲು ಬೆಳೆಯುತ್ತಾ ಹೋಗುತ್ತದೆ. ಫೈಲಿನ ಮೇಲೆ ಬರೆದಿರುತ್ತದೆ: 'ಹೊರಗುತ್ತಿಗೆ ಆಧಾರದ ಮೇಲೆ ಕಾಫಿ-ಟೀ ಸರಬರಾಜು'. ಒಳಗೆ ಬಜೆಟ್ಟು. ಹಾಲು ಇಷ್ಟು, ಪುಡಿ ಇಷ್ಟು, ಸಕ್ಕರೆ ಇಷ್ಟು, ಪೇಪರ್ ಲೋಟ ಇಷ್ಟು, ಮೆಷಿನ್ನಿನ ಬಾಡಿಗೆ ಇಷ್ಟು. ಸಕ್ಕರೆಯಲ್ಲಿ ಒಂದು ಕೇಜಿ ಹೆಚ್ಚಾದರೆ ಆಡಿಟ್ಟಿನವರು ಕೆಂಪು ಗೆರೆ ಎಳೆಯುತ್ತಾರೆ. ಆದರೆ ಹಾಲು ಕಾಯಿಸುವ, ಬಸಿಯುವ, ತಂದುಕೊಡುವ, ತೊಳೆಯುವ ಕೈಗಳಿಗೆ ಆ ಫೈಲಿನಲ್ಲಿ ಒಂದು ಸಾಲಿಲ್ಲ. ಸಾಲಿಲ್ಲ ಎಂದು ಯಾರೂ ಕೆಂಪು ಗೆರೆ ಎಳೆದಿಲ್ಲ.

ಯಾವ ಕಚೇರಿ ಎಂದು ನಮ್ಮನ್ನು ಕೇಳಬೇಡಿ. ಸರ್ಕಾರದ್ದಿರಲಿ, ಬ್ಯಾಂಕಿನದಿರಲಿ, ಕಂಪನಿಯದಿರಲಿ, ಬೋರ್ಡು ಬೇರೆ ಬೇರೆ, ಫೈಲು ಒಂದೇ.

*

ಹಳ್ಳಿ ಮೇಷ್ಟ್ರುಗಳೇ, ಈ ಲೆಕ್ಕವನ್ನು ನಿಮ್ಮ ಕರಿಹಲಗೆಯ ಮೇಲೆ ಬರೆಯಿರಿ. ಏಳನೇ ಕ್ಲಾಸಿನ ಮಕ್ಕಳು ಸಾಕು, ಬಿಡಿಸುತ್ತಾರೆ.

ಇಪ್ಪತ್ತು ಜನರ ಒಂದು ಕಚೇರಿ. ದಿನಕ್ಕೆ ತಲೆಗೆ ಎರಡು ಲೋಟ. ನಲವತ್ತು ಲೋಟವಾಯಿತು. ಲೋಟಕ್ಕೆ 10 ರೂಪಾಯಿ ರೇಟು ಎಂದು ಟೆಂಡರು ಒಪ್ಪಿದರು ಅಂತ ಇಟ್ಟುಕೊಳ್ಳಿ. ದಿನಕ್ಕೆ 400. ಇಪ್ಪತ್ತೈದು ದಿನಕ್ಕೆ 10,000. ಸಾಹೇಬರು ಫೈಲಿನ ಮೇಲೆ 'ಮಿತವ್ಯಯ' ಎಂದು ಬರೆದು ಸಹಿ ಹಾಕುತ್ತಾರೆ.

ಈಗ ಆ 400 ರೂಪಾಯಿಯನ್ನು ಬಿಡಿಸಿ. ಹಾಲು, ಪುಡಿ, ಸಕ್ಕರೆ, ಗ್ಯಾಸು, ಲೋಟಕ್ಕೆ ಅರ್ಧ ಹೋಯಿತೆನ್ನಿ. ಉಳಿದದ್ದು 200. ಗುತ್ತಿಗೆದಾರ ಧರ್ಮಕ್ಕೆ ಬಂದವನಲ್ಲ, ಅವನಿಗೆ 50. ಉಳಿದದ್ದು 150. ಅದು ಆ ಅಕ್ಕನ ದಿನಗೂಲಿ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಮಣ್ಣು ಹೊರುವವರಿಗೆ ಸರ್ಕಾರವೇ ಕಟ್ಟಿದ ಆ ಕೂಲಿಯನ್ನು ಈ ಅಕ್ಕನಿಗೂ ಕೊಟ್ಟರೆ, ನಲವತ್ತು ಲೋಟ ಕಾಫಿಯ ಸಾಮಾನಿಗೆ ಉಳಿಯುವುದು ಬರೀ 30 ರೂಪಾಯಿ. ಮೂವತ್ತು ರೂಪಾಯಿಯಲ್ಲಿ ನಲವತ್ತು ಲೋಟ ಬಿಸಿನೀರೂ ಆಗುವುದಿಲ್ಲ.

ಅಂದರೆ ಏನಾಯಿತು? ಲೋಟಕ್ಕಿಷ್ಟು ಎಂದು ರೇಟು ಕಟ್ಟಿದ ದಿನವೇ, ಕಾನೂನಿನ ಕನಿಷ್ಠ ಕೂಲಿ ಕೊಡಬಾರದು ಎಂದು ಆ ಕಚೇರಿ ಆದೇಶ ಮಾಡಿದಂತಾಯಿತು. ಬಾಯಲ್ಲಿ ಹೇಳಲಿಲ್ಲ, ಅಷ್ಟೆ. ಗುತ್ತಿಗೆದಾರ ಕಳ್ಳನೇ ಇರಬಹುದು. ಆದರೆ ಕಳ್ಳತನವನ್ನು ಲೆಕ್ಕ ಹಾಕಿ ಕೊಟ್ಟವರು ಇಂಗ್ಲಿಷ್ ಓದಿದ, ಕುರ್ಚಿಯಲ್ಲಿ ಕೂತ ಜನ.

"ಅಲ್ರೀ, ದಿನವೆಲ್ಲ ಕಾಫಿ ಮಾಡ್ತಾಳೇನ್ರೀ ಆಯಮ್ಮ? ಎರಡು ಹೊತ್ತು ತಾನೆ?" ಎಂದು ಕೇಳುತ್ತಾರೆ. ಕೇಳಲಿ. ಬೆಳಿಗ್ಗೆ ಒಂಬತ್ತಕ್ಕೆ ಬಂದ ಆ ಅಕ್ಕ ಸಂಜೆ ಬಾಗಿಲು ಹಾಕುವ ತನಕ ಹೋಗುವ ಹಾಗಿಲ್ಲ. ಎರಡು ಕಾಫಿಯ ನಡುವೆ ಟೇಬಲ್ಲು ಒರೆಸಬೇಕು, ಕುಡಿಯುವ ನೀರು ತುಂಬಬೇಕು, ಸಾಹೇಬರ ಊಟದ ಕ್ಯಾರಿಯರ್ ತೊಳೆಯಬೇಕು, ಮೀಟಿಂಗು ಇದ್ದರೆ ಕುರ್ಚಿ ಹಾಕಬೇಕು. ಇವಕ್ಕೆಲ್ಲ ರೇಟಿಲ್ಲ. ಹಿಂದೆ ಗೌಡರ ಮನೆಯಲ್ಲಿ ಇದನ್ನೇ ಬಿಟ್ಟಿ ಚಾಕರಿ ಎನ್ನುತ್ತಿದ್ದರು. ಈಗ 'ಇತರೆ ಸಂಬಂಧಿತ ಕೆಲಸಗಳು' ಎಂದು ಟೈಪು ಮಾಡುತ್ತಾರೆ.

ಇನ್ನೊಂದು ಬಗೆಯ ಫೈಲಿದೆ. ಅದರಲ್ಲಿ ಲೋಟದ ರೇಟಿಲ್ಲ, ಆಳಿನ ರೇಟಿದೆ. ಏಜೆನ್ಸಿ ಒಂದು ಆಳನ್ನು ಕಳಿಸುತ್ತದೆ. ಲೆಕ್ಕಕ್ಕೆ ಸಂಬಳ 12,000 ಎನ್ನೋಣ. ಮಾಲೀಕನ ಕಡೆಯಿಂದ ಪಿಎಫ್ಫು, ಅದರ ಖರ್ಚು ಸೇರಿ ನೂರಕ್ಕೆ 13, ಅಂದರೆ 1,560. ಇಎಸ್ಐ ನೂರಕ್ಕೆ 3.25, ಅಂದರೆ 390. ಏಜೆನ್ಸಿಯ ಸರ್ವೀಸ್ ಚಾರ್ಜು ನೂರಕ್ಕೆ 5 ಎಂದರೆ ಹತ್ತಿರ ಹತ್ತಿರ 698. ಎಲ್ಲದರ ಮೇಲೆ ಜಿಎಸ್‌ಟಿ ನೂರಕ್ಕೆ 18, ಅಂದರೆ ಸುಮಾರು 2,637. ಕಂಪನಿಯೋ ಬ್ಯಾಂಕೋ ಕಟ್ಟುವ ಬಿಲ್ಲು 17,285. ಆ ಅಕ್ಕನ ಪಾಲಿನ ಪಿಎಫ್ಫು, ಇಎಸ್ಐ ಮುರಿದುಕೊಂಡು ಕೈಗೆ ಬರುವುದು 10,470. ನಡುವೆ 6,815 ರೂಪಾಯಿ. ಇದರಲ್ಲಿ ಎರಡೂ ಕಡೆಯ ಪಿಎಫ್ಫು 2,880 ಅವಳ ಹೆಸರಿಗೇ ಬೀಳಬೇಕು. ಕಟ್ಟಿದರೆ ಅವಳ ಮುಪ್ಪಿಗೆ, ಕಟ್ಟದಿದ್ದರೆ ಗುತ್ತಿಗೆದಾರನ ಮಹಡಿ ಮನೆಗೆ. ನೋಡಿ, ಅವಳ ಮುಪ್ಪಿಗೆಂದು ಮಾಲೀಕ ಹಾಕುವುದಕ್ಕಿಂತ ಅವಳ ದುಡಿಮೆಯ ಬಿಲ್ಲಿನ ಮೇಲೆ ಬೀಳುವ ತೆರಿಗೆ ಹೆಚ್ಚು. ಅವಳನ್ನು ನೇರವಾಗಿ ಕೆಲಸಕ್ಕೆ ಇಟ್ಟುಕೊಂಡಿದ್ದರೆ ಆ ತೆರಿಗೆಯೂ ಇಲ್ಲ, ಆ ಚಾರ್ಜೂ ಇಲ್ಲ. ಅಷ್ಟೂ ಅವಳಿಗೇ ಕೊಡಬಹುದಿತ್ತು. ಹಾಗಾದರೆ ಹೊರಗುತ್ತಿಗೆ ಅಗ್ಗವೆಂಬುದು ಸುಳ್ಳು. ಅಗ್ಗವಾಗುವುದು ಒಂದೇ ದಾರಿಯಲ್ಲಿ: ಆ ಅಕ್ಕನಿಗೆ ಬರಬೇಕಾದ್ದನ್ನು ಕೊಡದಿದ್ದಾಗ. 'ಸರ್ವೀಸ್ ಚಾರ್ಜು ಸೊನ್ನೆ' ಎಂದು ಟೆಂಡರು ಹಾಕುವ ಏಜೆನ್ಸಿಗಳಿವೆ. ಸೊನ್ನೆಗೆ ದುಡಿಯುವ ದೊಡ್ಡ ಮನುಷ್ಯ ಎಲ್ಲಿದ್ದಾನೆ ಸ್ವಾಮಿ? ಆ ಸೊನ್ನೆ ಯಾರ ಹೊಟ್ಟೆಯಿಂದ ತುಂಬುತ್ತದೆ ಎಂದು ಟೆಂಡರು ಒಪ್ಪಿದವರಿಗೆ ಗೊತ್ತಿಲ್ಲವೇ?

*

ಗೆಳೆಯರೇ, ಇದು ಬರೀ ಕೂಲಿಯ ಮಾತಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಈ ದೇಶದಲ್ಲಿ ಒಂದು ಲೋಟ ಕಾಫಿ ಎಂದೂ ಬರೀ ಕಾಫಿಯಾಗಿರಲಿಲ್ಲ. 'ಬ್ರಾಹ್ಮಣರ ಕಾಫಿ ಕ್ಲಬ್' ಎಂಬ ಬೋರ್ಡುಗಳನ್ನು ಈ ನಾಡು ಕಂಡಿದೆ. 1950ರಲ್ಲಿ ಸಂವಿಧಾನ ಬಂತು. ಅದರ 15ನೇ ವಿಧಿ ಅಂಗಡಿ, ಹೋಟೆಲುಗಳಲ್ಲಿ ಜಾತಿಯ ಅಡ್ಡಗೋಡೆ ಕೂಡದೆಂದಿತು. 17ನೇ ವಿಧಿ ಅಸ್ಪೃಶ್ಯತೆಯೇ ಇಲ್ಲವೆಂದಿತು. 1955ರಲ್ಲಿ ಶಿಕ್ಷೆಯ ಕಾಯ್ದೆಯೂ ಬಂತು. ಹಳ್ಳಿ ಹೋಟೆಲಿನ ಗೂಟಕ್ಕೆ ನೇತುಹಾಕಿದ ಬೇರೆ ಲೋಟ, ತೆಂಗಿನ ಚಿಪ್ಪು ಮಾತ್ರ ಇಳಿಯಲಿಲ್ಲ. ಅದನ್ನು ಇಳಿಸಲು ನಮ್ಮ ಹುಡುಗರು ಹೊಡೆತ ತಿನ್ನಬೇಕಾಯಿತು, ಕೇಸು ಹಾಕಿಸಿಕೊಳ್ಳಬೇಕಾಯಿತು. ಆಗಿನ ಚಿತ್ರದುರ್ಗ ಜಿಲ್ಲೆಯ ಹರಿಹರದಲ್ಲಿ ಹುಟ್ಟಿದ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಕೊಂಡೊಯ್ದದ್ದು ಇದೇ ಸ್ವಾಭಿಮಾನದ ಮಾತನ್ನು.

ಆಮೇಲೆ ಪೇಪರ್ ಲೋಟ ಬಂತು. ಎಲ್ಲರಿಗೂ ಒಂದೇ ಲೋಟ, ಕುಡಿದು ಎಸೆ. 'ನೋಡ್ರಪ್ಪ, ಎರಡು ಲೋಟದ ಕಾಲ ಹೋಯ್ತು' ಎಂದರು. ನಿಜ ಏನೆಂದರೆ, ನಮ್ಮ ಎಂಜಲು ಲೋಟ ತೊಳೆಯುವ ಕಷ್ಟ ಅವರಿಗೆ ತಪ್ಪಿತು. ಕುಡಿದೆಸೆದ ಆ ಲೋಟಗಳನ್ನು ಸಂಜೆ ಬಗ್ಗಿ ಆರಿಸುವವರು ಯಾರು? ಅದೇ ಕೇರಿಯವರು.

ಕಚೇರಿಯೊಳಗೂ ಇದೇ ಕತೆ. ಹೊರಗುತ್ತಿಗೆಯ ಪಟ್ಟಿ ತೆಗೆದು ನೋಡಿ. ಕಸ, ಕಕ್ಕಸಿಗೆ ಯಾರು, ಕಾಫಿಗೆ ಯಾರು ಎಂದು ಬೆರಳಿಟ್ಟು ಓದಿ. ಪೊರಕೆ ಯಾವ ಕೇರಿಗೆ ಹೋಗಿದೆ, ಪಾತ್ರೆ ಯಾವ ಬೀದಿಗೆ ಹೋಗಿದೆ ಎಂದು ಪಟ್ಟಿಯೇ ಬಾಯಿ ಬಿಡುತ್ತದೆ. ದಲಿತ ಹೆಣ್ಣುಮಗಳು ಬಿಸಿಯೂಟ ಬೇಯಿಸಿದಳೆಂದು ಮಕ್ಕಳಿಗೆ ಉಣಬೇಡಿ ಎಂದ ಅಪ್ಪಂದಿರು ಇರುವ ನಾಡಿದು. ಆ ಅಪ್ಪಂದಿರು ಕಚೇರಿಗೆ ಬಂದ ಕೂಡಲೇ ಬಸವಣ್ಣನಾಗುವುದಿಲ್ಲ. ಸರ್ಕಾರಿ ಹುದ್ದೆಯಾಗಿದ್ದರೆ 'ಇಂಥವಳ ಕೈಯ ಕಾಫಿ ಬೇಡ' ಎಂದು ಬಾಯಿಬಿಟ್ಟು ಹೇಳಬೇಕಿತ್ತು, ಹೇಳಿದರೆ ಕೇಸಾಗುತ್ತಿತ್ತು. ಈಗ ಹೇಳಬೇಕಿಲ್ಲ. ಏಜೆನ್ಸಿಗೆ ಒಂದು ಫೋನು ಸಾಕು. 'ಆಳು ಬದಲಾಯಿಸಿ.' ಕಾರಣ ಬರೆಯುವಂತಿಲ್ಲ, ಕೇಳುವಂತಿಲ್ಲ.

ಇನ್ನೊಂದು ಮಾತು. ಡಿ ಗ್ರೂಪಿನ ಜವಾನನ ಕೆಲಸವನ್ನು ಯಾರೂ ಹಗುರವಾಗಿ ಕಾಣಬೇಡಿ. ನಮ್ಮ ಕೇರಿಗಳಿಗೆ ತಿಂಗಳ ಸಂಬಳ ಮೊದಲು ಹೊಕ್ಕಿದ್ದು ಆ ಬಾಗಿಲಿನಿಂದ. ಅಪ್ಪ ಜವಾನನಾಗಿ ಫೈಲು ಹೊತ್ತದ್ದಕ್ಕೆ ಮಗ ಮೇಷ್ಟ್ರಾದ, ಮಗಳು ನರ್ಸಾದಳು. ಈ ಪತ್ರಿಕೆ ಓದುವ ಎಷ್ಟೋ ಜನ ಆ ಅಪ್ಪಂದಿರ ಮಕ್ಕಳೇ. ಆ ಹುದ್ದೆಗೆ ಮೀಸಲಾತಿ ಇತ್ತು, ಬಡ್ತಿ ಇತ್ತು, ಪಿಂಚಣಿ ಇತ್ತು. ಹುದ್ದೆ ಖಾಲಿಯಾದಾಗ ತುಂಬಲಿಲ್ಲ. ಅದನ್ನೇ ಒಡೆದು ಕಾಫಿಗೊಂದು ಗುತ್ತಿಗೆ, ಕಸಕ್ಕೊಂದು ಗುತ್ತಿಗೆ, ಕಾವಲಿಗೊಂದು ಗುತ್ತಿಗೆ ಮಾಡಿದರು. ಗುತ್ತಿಗೆ ಕೆಲಸಕ್ಕೆ ರೋಸ್ಟರಿಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಶಾಸಕರ ಕುರ್ಚಿಗೆ ಮೀಸಲಾತಿ ಇದೆ. ಶಾಸಕರ ಮೀಟಿಂಗಿಗೆ ಕಾಫಿ ತರುವ ಹೊರಗುತ್ತಿಗೆಯ ಕೆಲಸಕ್ಕೆ ಇರಲಿಲ್ಲ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆಗೂ ಮೀಸಲಾತಿ ಎಂದು ಸುತ್ತೋಲೆ ಹೊರಡಿಸಿತು. ಸಂತೋಷ. ಆದರೆ ಇಪ್ಪತ್ತಕ್ಕಿಂತ ಕಡಿಮೆ ಆಳಿನ ಗುತ್ತಿಗೆಗೆ ಅದು ತಾಗುವುದಿಲ್ಲ. ಒಂದು ಕಚೇರಿಗೆ ಇಪ್ಪತ್ತು ಜನ ಕಾಫಿ ತರುತ್ತಾರೇನು?

ನ್ಯಾಯಾಲಯದ ಬಾಗಿಲೂ ಅಗಲವಾಗಿಲ್ಲ. ವರ್ಷಗಟ್ಟಲೆ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕಿಲ್ಲವೆಂದು 2006ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಕರ್ನಾಟಕದ ಉಮಾದೇವಿ ಪ್ರಕರಣದಲ್ಲೇ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇಪ್ಪತ್ತು ಜನರಿದ್ದರೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು ಐವತ್ತಾಯಿತು. ಅದೇ ಸಂಹಿತೆ ಸಂಸ್ಥೆಯ 'ಮುಖ್ಯ ಕೆಲಸ' ಯಾವುದು, ಅಲ್ಲದ್ದು ಯಾವುದು ಎಂದು ಗೆರೆ ಎಳೆದಿದೆ. ಮುಖ್ಯವಲ್ಲದ ಪಟ್ಟಿಯಲ್ಲಿ ಏನೇನಿದೆ ಗೊತ್ತೆ? ಕಸ ಗುಡಿಸುವುದು, ಕಾವಲು ಕಾಯುವುದು, ಕ್ಯಾಂಟೀನು, ಊಟ-ಉಪಚಾರ, ಹೊರೆ ಹೊರುವುದು. ಮನು ಬರೆದ ಪಟ್ಟಿಯನ್ನು ಪಾರ್ಲಿಮೆಂಟಿನಲ್ಲಿ ಮತ್ತೆ ಓದಿದ ಹಾಗಿದೆ. ನಾಲ್ಕು ದಿನ ಕಸ ಎತ್ತಬೇಡಿ, ನೀರು ಕಾಫಿ ಕೊಡಬೇಡಿ, ಗೇಟು ಕಾಯಬೇಡಿ. ಯಾವುದು ಮುಖ್ಯ ಕೆಲಸ ಎಂದು ಆಗ ಗೊತ್ತಾಗುತ್ತದೆ.

*

ಈ ಮಾತು ನಮ್ಮ ಸೀಮೆಗೆ ಇನ್ನೂ ಹತ್ತಿರ. ಚಳ್ಳಕೆರೆ ತಾಲೂಕಿನ ಅಮೃತಮಹಲ್ ಕಾವಲಿನ ಒಂಬತ್ತು ಸಾವಿರ ಎಕರೆಗೂ ಹೆಚ್ಚು ಹುಲ್ಲುಗಾವಲು ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ಬಾಹ್ಯಾಕಾಶಕ್ಕೆಂದು ಹಂಚಿಹೋಯಿತು. ಕುರಿ ದನ ಮೇಯುತ್ತಿದ್ದ ಕಡೆ ಗೋಡೆ ಎದ್ದಿತು. ವಿಜ್ಞಾನ ಬೇಡ ಎನ್ನುವವರು ನಾವಲ್ಲ. ಆದರೆ ದೊಡ್ಡ ಗೇಟುಗಳು ಎಲ್ಲೇ ಎದ್ದರೂ ಸುತ್ತಲ ಹಳ್ಳಿಗೆ ಮೊದಲು ಸಿಗುವ ಕೆಲಸ ಗಿಡಕ್ಕೆ ನೀರು, ನೆಲಕ್ಕೆ ಪೊರಕೆ, ಟೇಬಲ್ಲಿಗೆ ಕಾಫಿ. ಆ ಕೆಲಸವನ್ನೂ ಏಜೆನ್ಸಿಯ ಕೈಗೆ ಕೊಟ್ಟರೆ, ನೆಲ ಬಿಟ್ಟುಕೊಟ್ಟವರಿಗೆ ಉಳಿಯುವುದೇನು? ಕೇಳುವ ಹಕ್ಕು ನಮಗಿದೆ.

'ಇದೆಲ್ಲ ಆಗದ ಮಾತು' ಎನ್ನುವವರಿಗೆ ಎರಡು ಸಂಗತಿ ಹೇಳುತ್ತೇವೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಬೀದಿಗೆ ಬಿದ್ದ ನೌಕರರು, ಎ.ಕೆ. ಗೋಪಾಲನ್ ಅವರಂಥವರ ಒತ್ತಾಸೆಯಿಂದ ತಾವೇ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್ 19ರಂದು, ನಮ್ಮ ಬೆಂಗಳೂರಿನಲ್ಲೇ. ಬಡಿಸುವವರೇ ಮಾಲೀಕರಾದರು. ಕಾಫಿಯೇನೂ ಕಹಿಯಾಗಲಿಲ್ಲ. ಎರಡನೆಯದು ಪೌರಕಾರ್ಮಿಕರದು. ಬಹುಪಾಲು ದಲಿತ ಹೆಣ್ಣುಮಕ್ಕಳೇ ಇರುವ ಆ ಕೆಲಸ ವರ್ಷಗಳ ಕಾಲ ಗುತ್ತಿಗೆದಾರರ ಹಿಡಿತದಲ್ಲಿತ್ತು. ಅವರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕೂತರು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಜನರಿಗೆ ಕಾಯಂ ಆದೇಶ ಸಿಕ್ಕಿತು. ಯಾರೂ ಕರುಣೆಯಿಂದ ಕೊಡಲಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು:

ಒಂದು. ಯಾವ ಕಚೇರಿಯೂ ಲೋಟದ ಲೆಕ್ಕದಲ್ಲಿ ಟೆಂಡರು ಕರೆಯಬಾರದು. ಬಜೆಟ್ಟಿನ ಮೊದಲ ಸಾಲು ಕೂಲಿ. ಹಾಲು ಸಕ್ಕರೆ ಆಮೇಲೆ.

ಎರಡು. ವರ್ಷವಿಡೀ ಇರುವ ಕೆಲಸಕ್ಕೆ ನೇರ ನೇಮಕ, ಮೀಸಲಾತಿಯ ರೋಸ್ಟರು. ಅದಾಗುವ ತನಕ ಕೂಲಿ ಅವಳ ಖಾತೆಗೆ ನೇರ ಬೀಳಬೇಕು. ಪಿಎಫ್ಫು ಕಟ್ಟಿದ ಚೀಟಿ ತೋರಿಸದೆ ಗುತ್ತಿಗೆದಾರನ ಬಿಲ್ಲು ಪಾಸಾಗಬಾರದು.

ಮೂರು. ಮಹಿಳಾ ಸಂಘಕ್ಕೆ ಕೆಲಸ ಕೊಟ್ಟರೆ ಪೂರ್ತಿ ಕೂಲಿ ಕಟ್ಟಿ ಕೊಡಿ. ಸಂಘದ ಹೆಸರಿನಲ್ಲಿ ಅಗ್ಗದ ಗುತ್ತಿಗೆ ಬೇಡ.

ನಾಲ್ಕು. ಕಸಕ್ಕೊಂದು ಜಾತಿ, ಕಾಫಿಗೊಂದು ಜಾತಿ ಮಾಡಿದ ಪಟ್ಟಿ ಹರಿಯಿರಿ. ಕಾರಣ ಬರೆಯದೆ 'ಆಳು ಬದಲಾಯಿಸಿ' ಎಂದವರ ಮೇಲೆ ಕ್ರಮವಾಗಲಿ.

ವಿದ್ಯಾರ್ಥಿ ಗೆಳೆಯರೇ, ಭಾಷಣಕ್ಕೆ ಮೊದಲು ಒಂದು ಕೆಲಸ ಮಾಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಕಟ್ಟಿ ನಿಮ್ಮ ಕಾಲೇಜು, ನಿಮ್ಮ ತಾಲೂಕು ಕಚೇರಿಯ ಕಾಫಿ ಫೈಲು ಕೇಳಿ. ಸಿಕ್ಕ ಕಾಗದವನ್ನು ಫ್ಲಾಸ್ಕು ಹಿಡಿದ ಆ ಅಕ್ಕನ ಮುಂದೆ ಕೂತು ಓದಿ ಹೇಳಿ. ಅವಳ ಹೆಸರಿನಲ್ಲಿ ಎಷ್ಟು ಬರೆದಿದ್ದಾರೆ, ಕೈಗೆ ಎಷ್ಟು ಬಂದಿದೆ ಎಂದು ಅವಳೇ ಕೂಡಿ ಕಳೆಯಲಿ.

ನಮ್ಮ ತಾಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ್ದಾನೆ: ಒಳ್ಳೆಯ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂಬರ್ಥದ ಮಾತದು. ಎರಡು ಸಾವಿರ ವರ್ಷ ಮಳೆ ಬಿಸಿಲಿಗೆ ಆ ಕಲ್ಲು ಅಳಿಸಿಲ್ಲ. ಹೋಟೆಲಿನ ಎರಡು ಲೋಟ ಇಳಿಸಿದ ಕೈಗಳೇ ಕಚೇರಿಯ ಎರಡು ಲೆಕ್ಕವನ್ನೂ ಇಳಿಸಬೇಕಾಗಿದೆ. ಬನ್ನಿ, ಫೈಲು ಬಿಚ್ಚೋಣ.